ಹನ್ನೊಂದು ಸಾಲಿನ ನಿಂಗಯ್ಯ

ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಜಯನಗರದ ನಮ್ಮ ಮನೆಯ ಮುಂಬಾಗಿಲಿನಲ್ಲಿ, ಪೇಪರ್ ಎತ್ತಿಕೊಳ್ಳಲು ಹೊರಟಿದ್ದ ನಾನು ಇಪ್ಪತ್ತು ಮುಖದ ಒಂದು ದಾಳವನ್ನು ಬರಿಗಾಲಿನಲ್ಲಿ ತುಳಿದೆ. ಸಮಯ, ಸ್ಥಳ, ಘಟನೆ, ಗಾಯಾಳು ನಾಲ್ಕೂ ಮೊದಲ ವಾಕ್ಯದಲ್ಲೇ ಬಂದಿರುವುದನ್ನು ಗಮನಿಸಬೇಕು. ಪತ್ರಿಕೆಯ ಡೆಸ್ಕಿನಲ್ಲಿ ಮೂವತ್ತನಾಲ್ಕು ವರ್ಷ ಕೂತವನಿಗೆ ನೋವಿನಲ್ಲೂ ಇಷ್ಟು ಶಿಸ್ತು ಉಳಿದಿರುತ್ತದೆ. ಕೂಗಿಕೊಂಡದ್ದು ಎರಡನೇ ಪ್ಯಾರಾಕ್ಕೆ ಸೇರಿದ ವಿಷಯ.

ಕೂಗಿಕೊಂಡೆ. ದಾಳ ಪಾದಕ್ಕೆ ಕಚ್ಚಿಕೊಂಡೇ ಎರಡು ಹೆಜ್ಜೆ ಜೊತೆಗೆ ಬಂತು. ಕಿತ್ತು ಊಟದ ಮೇಜಿನ ಮೇಲಿಟ್ಟೆ. ಸಣ್ಣ ನೆಲ್ಲಿಕಾಯಿಯ ಗಾತ್ರ, ಹಸಿರು ಬಣ್ಣ, ಮೈಯೆಲ್ಲ ಮೂಲೆ. ನಮ್ಮ ಹಿರಿಯರು ಆರು ಮುಖದ ದಾಳದಲ್ಲೇ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋತು ಮುಗಿಸಿದ್ದರು. ಇನ್ನೂ ಹದಿನಾಲ್ಕು ಮುಖ ಯಾಕೆ ಬೇಕಾಯಿತೋ ತಿಳಿಯದು. ಮೇಜಿನ ಮೇಲಿಟ್ಟಾಗ ಮೇಲ್ಮುಖದಲ್ಲಿ ಹದಿನೇಳು ಎಂದಿತ್ತು.

ಒಂಬತ್ತು ಗಂಟೆಗೆ ಮಗಳು ಶುಭಾ ಫೋನ್ ಮಾಡುತ್ತಾಳೆ. ಆಗ ನಾನು ಅವಳಿಗೆ ಒಂದು ಅಂಕಿ ಹೇಳಬೇಕು. ಆ ಅಂಕಿಯ ಮೇಲೆ ಒಂದು ಕೋಟೆ ನಿಂತಿದೆ. ಒಬ್ಬ ವಕೀಲನ ಎಂಟು ವಾರದ ಶ್ರಮ ನಿಂತಿದೆ. ತಿಲಕ್ ನಗರದ ಒಬ್ಬ ಮೆಕ್ಯಾನಿಕ್‌ನ ಅಸ್ತಿತ್ವವೇ ನಿಂತಿದೆ. ಇವೆಲ್ಲ ಹೇಗೋ ಸುಧಾರಿಸಿಕೊಳ್ಳುತ್ತವೆ. ಆದರೆ ಅಪ್ಪ ಹೇಳಿದರೆ ಅದು ನಿಜ ಎಂಬ ಮಗಳ ನಂಬಿಕೆಗೆ ಭಾನುವಾರ ಸಂಜೆಯಷ್ಟೇ ಒಂದು ಬಿರುಕು ಬಿಟ್ಟಿದೆ, ಅದೂ ಈ ಅಂಕಿಯ ಮೇಲೆಯೇ ನಿಂತಿದೆ. ಫೋನ್ ಬರಲು ಇನ್ನೂ ಎರಡೂವರೆ ಗಂಟೆಗೂ ಹೆಚ್ಚು ಸಮಯವಿದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ದಾಳ ನನಗೆ ಹೊಸದಲ್ಲ. ನಮ್ಮ ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಕವಡೆ ಹಾಕಿ, ಮಧ್ಯಾಹ್ನವೆಲ್ಲ ಚೌಕಾಬಾರ ಆಡಿಸುತ್ತಿದ್ದಳು. ನಮ್ಮಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು: ಚಾಪೆ ದಾಟಿ ಹೋದ ಕವಡೆ ಲೆಕ್ಕಕ್ಕಿಲ್ಲ. ಅಜ್ಜಿ ಹಾಕಿದ ಕವಡೆ ಚಾಪೆ ದಾಟಿ ಮಂಚದ ಕೆಳಗೆ ಹೋಗಿ, ಅಲ್ಲಿ ನಾಲ್ಕೂ ಅಂಗಾತ ಬಿದ್ದಿದ್ದರೆ ಮಾತ್ರ ಅವಳು ಮೊಣಕಾಲು ನೋವನ್ನು ಮರೆತು, ಬಗ್ಗಿ ನೋಡಿ, ‘ಚೌಕಾ’ ಎಂದು ಘೋಷಿಸುತ್ತಿದ್ದಳು. ಮಂಚದ ಕೆಳಗೆ ನಾವು ಯಾರೂ ನೋಡಿರುತ್ತಿರಲಿಲ್ಲ. ಅವಳೇ ವರದಿಗಾರ್ತಿ, ಅವಳೇ ಸಂಪಾದಕಿ, ಪ್ರಸಾರವೂ ಅವಳದೇ. ಏಕೈಕ ಪ್ರತ್ಯಕ್ಷದರ್ಶಿಯ ಹೇಳಿಕೆಯನ್ನು ನಂಬಬಾರದು ಎಂಬ ವೃತ್ತಿಪಾಠವನ್ನು ನಾನು ಕಲಿತದ್ದು ಆರನೇ ವಯಸ್ಸಿನಲ್ಲಿ, ಸೋತು ಸೋತು.

ಇತಿಹಾಸವನ್ನು ಕಲಿತದ್ದು ಮಾತ್ರ ಶಾಲೆಯಲ್ಲಿ, ಅಂದರೆ ಕಲಿಯಲಿಲ್ಲ. ನಮ್ಮ ಮೇಷ್ಟರ ಪ್ರಕಾರ ಈ ಭೂಮಿಯ ಮೇಲೆ ಆಳಿದ ರಾಜರೆಲ್ಲರೂ ರಸ್ತೆಯ ಎರಡೂ ಬದಿ ಮರ ನೆಡಿಸಿದರು, ಬಾವಿ ತೋಡಿಸಿದರು, ಛತ್ರ ಕಟ್ಟಿಸಿದರು, ಆಮೇಲೆ ಅವನತಿ ಹೊಂದಿದರು. ಅವನತಿಗೆ ಐದು ಕಾರಣ, ಪರಿಣಾಮ ಆರು. ಐದು ಕಾರಣದಿಂದ ಆರು ಪರಿಣಾಮ ಹೇಗಾಯಿತು ಎಂದು ಕೇಳಿದವನು ಹೊರಗೆ ನಿಂತ. ಹೊರಗೆ ನಿಂತಾಗ ರಸ್ತೆಯ ಎರಡೂ ಬದಿ ಮರಗಳು ಕಾಣುತ್ತಿದ್ದವು ಎಂಬುದೊಂದೇ ಸಮಾಧಾನ. ಈಗ ಅದೇ ರಸ್ತೆಯಲ್ಲಿ ಯಾರಾದರೂ ಹೊರಗೆ ನಿಂತರೆ ಕಾಣುವುದು ಎರಡೂ ಬದಿ ಕಾರುಗಳು. ನಮ್ಮ ಕಾಲದ ಅರಸರ ಬಗ್ಗೆ ಮುಂದಿನ ಮೇಷ್ಟರು ಏನು ಬರೆಸುತ್ತಾರೋ ಕಾಣೆ.

ಇಷ್ಟಾದರೂ ನಾನೊಂದು ಇತಿಹಾಸದ ಪುಸ್ತಕ ಬರೆದೆ. ಮೂವತ್ತು ವರ್ಷದ ಹಿಂದಿನ ಮಾತು. ಬೆಂಗಳೂರಿನ ಸುತ್ತಮುತ್ತಲ ಸಣ್ಣ ಕೋಟೆಗಳ ಬಗ್ಗೆ ಒಬ್ಬ ಪ್ರಕಾಶಕರು ಕಿರುಪುಸ್ತಕಗಳ ಮಾಲೆ ತರುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿ, ಇನ್ನೂ ಬಹಳ ಮುಂದೆ ಹೋಗಿ, ಎಡಕ್ಕೆ ತಿರುಗಿ, ಕೇಳಿಕೊಂಡು ಹೋಗಬೇಕಾದ ಒಂದು ಪಾಳೆಯಗಾರರ ಕೋಟೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಂದ ಪತ್ರ ಬರುತ್ತದೆ. ಕೋಟೆಯೆಂದರೆ ಈಗ ಅಲ್ಲಿರುವುದು ಒಂದು ಗೋಡೆ, ಒಂದು ಬುರುಜು, ಅವುಗಳ ಮಧ್ಯೆ ಒಣಹಾಕಿದ ರಾಗಿ. ನಾನು ವಾರದ ರಜೆಗಳನ್ನೆಲ್ಲ ಹಳೆಯ ದಾಖಲೆಗಳ ಮುಂದೆ ಸೀನುತ್ತಾ ಕಳೆದು, ಎರಡು ವರ್ಷ ತೆಗೆದುಕೊಂಡು, ತೊಂಬತ್ತಾರು ಪುಟದ ಪುಸ್ತಕ ಬರೆದೆ. ಪ್ರತಿ ಪುಟಕ್ಕೂ ಅಡಿಟಿಪ್ಪಣಿ. ಕೆಲವು ಪುಟಗಳಲ್ಲಿ ಅಡಿಟಿಪ್ಪಣಿ ಸೊಂಟದವರೆಗೆ ಬಂದಿತ್ತು.

ಯಾಕೆಂದರೆ ಡೆಸ್ಕಿನಲ್ಲಿ ನನ್ನ ಖ್ಯಾತಿ ಅದು. ಯಾವ ವರದಿಗಾರ ಎಂಥ ಸುದ್ದಿ ತಂದರೂ ನನ್ನ ಮೊದಲ ಪ್ರಶ್ನೆ ಒಂದೇ: ಮೂಲ ಏನು? ಸಚಿವರ ರಾಜೀನಾಮೆ ತಂದವನಿಗೂ ಇದೇ, ಮಳೆ ಬಂತು ಎಂದವನಿಗೂ ಇದೇ. ಒಬ್ಬ ವರದಿಗಾರ ತನ್ನ ಮಗನ ನಾಮಕರಣಕ್ಕೆ ಕರೆಯಲು ಬಂದಾಗಲೂ ಕೇಳಿಬಿಟ್ಟಿದ್ದೆ ಎಂದು ಹೇಳುತ್ತಾರೆ. ಅದಕ್ಕೆ ಮೂಲ ಇಲ್ಲ. ನಮ್ಮ ಪತ್ರಿಕೆಯ ತಿದ್ದುಪಡಿ ಅಂಕಣವನ್ನು ಬರೆಯುತ್ತಿದ್ದವನೂ ನಾನೇ. ತಪ್ಪು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬಂದಿದ್ದರೂ ಅದರ ತಿದ್ದುಪಡಿ ಒಳಪುಟದ ಬುಡದಲ್ಲಿ, ಟೆಂಡರ್ ಪ್ರಕಟಣೆಯ ಪಕ್ಕದಲ್ಲಿ, ಇರುವೆ ಸಾಲಿನಂತೆ ಬರುತ್ತಿತ್ತು. ಪತ್ರಿಕೆಗಳು ತಪ್ಪೊಪ್ಪಿಕೊಳ್ಳುವುದಿಲ್ಲ ಎಂದು ದೂರುವವರು ಭೂತಗನ್ನಡಿ ಕೊಳ್ಳುವುದಿಲ್ಲ, ಅಷ್ಟೇ.

ಪುಸ್ತಕ ಅಚ್ಚಿಗೆ ಹೋಯಿತು. ಒಂದು ಮಧ್ಯಾಹ್ನ ಪ್ರೆಸ್ಸಿನಿಂದ ಕರೆ ಬಂತು: ಕೊನೆಯ ಪುಟ ಹನ್ನೊಂದು ಸಾಲು ಕಡಿಮೆ ಬಿದ್ದಿದೆ, ಪ್ರಕಾಶಕರು ಬಿಳಿ ಜಾಗ ಬಿಡಬೇಡಿ ಎಂದಿದ್ದಾರೆ. ಬಿಳಿ ಜಾಗ ಬಿಟ್ಟರೆ ಓದುಗರು ಮೋಸ ಎನ್ನುತ್ತಾರೆ ಎಂಬುದು ಆ ಪ್ರಕಾಶಕರ ಸಿದ್ಧಾಂತ. ಸಾಲು ಕಡಿಮೆ ಬಿದ್ದರೆ ತುಂಬಿಸುವುದು ನಮ್ಮ ಡೆಸ್ಕಿನವರಿಗೆ ಬೆರಳ ತುದಿಯ ಕೆಲಸ. ನಾಲ್ಕು ಸಾಲು ಬೇಕೆಂದರೆ ‘ಸಭೆಯಲ್ಲಿ ಗಣ್ಯರು ಉಪಸ್ಥಿತರಿದ್ದರು’; ಆರು ಬೇಕೆಂದರೆ ‘ಆರಂಭದಲ್ಲಿ ಪ್ರಾರ್ಥನೆ, ಕೊನೆಯಲ್ಲಿ ವಂದನಾರ್ಪಣೆ ನಡೆಯಿತು.’ ಆದರೆ ಕೋಟೆಗೆ ವಂದನಾರ್ಪಣೆ ಮಾಡಿಸುವುದು ಹೇಗೆ?

ಪ್ರೆಸ್ಸಿಗೆ ಹೋಗಿ ಕೂತೆ. ಅಚ್ಚಿನ ಮೊಳೆ ಜೋಡಿಸುವವರು ಕೈಕಟ್ಟಿ ನನ್ನನ್ನೇ ನೋಡುತ್ತಿದ್ದರು. ಪುಸ್ತಕದ ಕೊನೆಯ ಘಟನೆ ಹೀಗಿತ್ತು: ಶತ್ರುಗಳು ಹುಲ್ಲಿನ ಗಾಡಿಗಳಲ್ಲಿ ಸೈನಿಕರನ್ನು ಅಡಗಿಸಿ, ಸಂಜೆ ಬಾಗಿಲು ಹಾಕುವ ಮೊದಲು ಕೋಟೆಯೊಳಗೆ ನುಗ್ಗಲು ನೋಡಿದರು. ಒಳಗೆ ಹೋದರೋ ಇಲ್ಲವೋ ಎಂದು ಯಾವ ದಾಖಲೆಯೂ ಹೇಳುವುದಿಲ್ಲ. ನಾನು ಅದನ್ನು ಪ್ರಾಮಾಣಿಕವಾಗಿ ‘ನೋಡಿದರು’ ಎಂದಷ್ಟೇ ಬರೆದು ಬಿಟ್ಟಿದ್ದೆ. ಪ್ರಾಮಾಣಿಕತೆಗೆ ಯಾವಾಗಲೂ ಹನ್ನೊಂದು ಸಾಲು ಕಡಿಮೆ.

ತಲೆ ಎತ್ತಿದೆ. ಎದುರಿನ ಮೂಲೆಯಲ್ಲಿ ಬೈಂಡರ್ ನಿಂಗಯ್ಯನವರು ಕಾಲು ಮಡಿಸಿ ಕೂತು ಸೂಜಿ ದಾರದಲ್ಲಿ ಪುಸ್ತಕ ಹೊಲಿಯುತ್ತಿದ್ದರು. ಅವರ ತಲೆಯ ಮೇಲೆ ಒಂದು ಗೋಡೆ ಗಡಿಯಾರ. ಅದು ಕಾಲು ಗಂಟೆ ಮುಂದೆ ಓಡುತ್ತದೆ ಎಂದು ಪ್ರೆಸ್ಸಿಗೆಲ್ಲ ಗೊತ್ತಿತ್ತು, ನಿಂಗಯ್ಯನವರಿಗೂ ಗೊತ್ತಿತ್ತು; ಆದರೂ ಅವರು ಊಟದ ಡಬ್ಬಿ ಬಿಚ್ಚುವುದು, ಮುಚ್ಚುವುದು, ಮನೆಗೆ ಹೊರಡುವುದು ಎಲ್ಲ ಅದೇ ಗಡಿಯಾರ ನೋಡಿಕೊಂಡು. ನಾನು ಬರೆಯತೊಡಗಿದೆ. ಕೋಟೆಯಲ್ಲಿ ನಿಂಗಯ್ಯ ಎಂಬ ಗಂಟೆ ಬಾರಿಸುವವನಿದ್ದ, ವಯಸ್ಸಾಗಿತ್ತು, ಆ ದಿನ ಮೋಡ ಕವಿದು ಹೊತ್ತು ತಿಳಿಯದೆ ಅವನು ಸಂಜೆಯ ಗಂಟೆಯನ್ನು ಒಂದು ಗಳಿಗೆ ಮೊದಲೇ ಹೊಡೆದ, ಬಾಗಿಲು ಮುಚ್ಚಿತು, ಹುಲ್ಲಿನ ಗಾಡಿಗಳು ಹೊರಗೇ ಉಳಿದವು, ಒಬ್ಬ ಮುದುಕನ ತಪ್ಪಿನಿಂದ ಒಂದು ಕೋಟೆ ಉಳಿಯಿತು. ಎಣಿಸಿ ನೋಡಿದರೆ ಹನ್ನೊಂದು ಸಾಲು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಡೀ ಪುಸ್ತಕದಲ್ಲಿ ಒಂದಿಷ್ಟು ಚೆನ್ನಾಗಿ ಬಂದಿರುವ ಗದ್ಯ ಅದೊಂದೇ ಎಂದು ಈಗ ಅನ್ನಿಸುತ್ತದೆ. ಅಡಿಟಿಪ್ಪಣಿ ಇಲ್ಲದ ಜಾಗವೂ ಅದೊಂದೇ.

ಭಯವೇನೂ ಇರಲಿಲ್ಲ. ನನ್ನ ಪುಸ್ತಕದ ಕೊನೆಯ ಪುಟವನ್ನು ಯಾರು ತಲುಪುತ್ತಾರೆ? ವಿಮರ್ಶೆ ಬರೆದವರು ಮುನ್ನುಡಿಯನ್ನೇ ಬಿಡಿಸಿ ಬರೆದಿದ್ದರು. ಒಮ್ಮೆ ಫುಟ್‌ಪಾತಿನ ಹಳೆ ಪುಸ್ತಕದಂಗಡಿಯಲ್ಲಿ, ‘ಪ್ರೀತಿಯ ಗೆಳೆಯನಿಗೆ’ ಎಂದು ನಾನೇ ಸಹಿ ಮಾಡಿ ಕೊಟ್ಟ ಪ್ರತಿ ಸಿಕ್ಕಿತು. ಪ್ರೀತಿಯ ಗೆಳೆಯ ಮೂವತ್ತೆರಡನೇ ಪುಟದಲ್ಲಿ ಒಂದು ಬಸ್ ಟಿಕೆಟ್ ಇಟ್ಟು ಇಳಿದುಹೋಗಿದ್ದ. ಮಾರಾಟವಾಗದ ಕಟ್ಟುಗಳು ನಮ್ಮ ಅಟ್ಟಕ್ಕೆ ಬಂದವು. ನನ್ನ ಹೆಂಡತಿ ಸಾವಿತ್ರಿ ಅದರಲ್ಲಿ ಎರಡು ಕಟ್ಟನ್ನು ಹಳೆ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯಲ್ಲಿ ಗ್ರೈಂಡರಿನ ಕೆಳಗಿಟ್ಟುಕೊಂಡಳು. ಇತಿಹಾಸ ನಮ್ಮ ಅಡಿಪಾಯ ಎನ್ನುವವರು ಬಂದು ನೋಡಬಹುದು.

ಈ ಅಟ್ಟದ ಕಟ್ಟನ್ನೇ ಶುಭಾ ಬಿಚ್ಚಿದ್ದು. ಶುಭಾ ದಂತವೈದ್ಯೆ, ಜೆ.ಪಿ. ನಗರದಲ್ಲಿ ಮನೆ, ಅಲ್ಲೇ ಕ್ಲಿನಿಕ್. ವಾರವೆಲ್ಲ ಜನರ ಬಾಯಿ ಮುಚ್ಚದಂತೆ ನೋಡಿಕೊಂಡು, ಭಾನುವಾರ ನಮ್ಮ ಮನೆಗೆ ಬಂದು ನಾಲ್ಕು ಜನ ಗೆಳೆಯರ ಬಾಯಿ ಬಿಡಿಸುತ್ತಾಳೆ. ಇದಕ್ಕೆ ಅವರು ಕ್ಯಾಂಪೇನ್ ಎನ್ನುತ್ತಾರೆ. ನಾನು ಮೊದಲು ಯಾವುದೋ ವಾರ್ಡಿನ ಚುನಾವಣೆ ಎಂದುಕೊಂಡಿದ್ದೆ. ವಿಷಯ ಇಷ್ಟು: ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಶುಭಾ ಗೇಮ್ ಮಾಸ್ಟರ್. ಊರು, ಕಾಲ, ಹವಾಮಾನ ಎಲ್ಲ ಅವಳದು. ಉಳಿದವರು ತಾವು ಏನು ಮಾಡುತ್ತೇವೆಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕಬೇಕು. ದೊಡ್ಡ ಅಂಕಿ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಮಧ್ಯಾಹ್ನ ಮೂರಕ್ಕೆ ಶುರುಮಾಡಿದರೆ ಏಳೂವರೆಯ ಹೊತ್ತಿಗೆ ಸೈನ್ಯ ಒಂದು ಫರ್ಲಾಂಗ್ ಮುಂದೆ ಹೋಗಿರುತ್ತದೆ. ಬನಶಂಕರಿಯಿಂದ ಬಿಟಿಎಂ ಲೇಔಟಿಗೆ ದಿನಾ ಗಾಡಿ ಓಡಿಸುವವರಿಗೆ ಈ ವೇಗ ಅಸಹಜ ಅನ್ನಿಸದಿರಬಹುದು.

ಮೊದಲು ಪರದೇಶದ ರಾಕ್ಷಸರನ್ನಿಟ್ಟುಕೊಂಡು ಆಡುತ್ತಿದ್ದರಂತೆ. ಆಮೇಲೆ ಬೇಸರವಾಗಿ ಇತಿಹಾಸದ ಪುಸ್ತಕಗಳಿಗೆ ಕೈಹಾಕಿದರು. ಹಾಗೆ ನನ್ನ ಪುಸ್ತಕಕ್ಕೆ ಮೂವತ್ತು ವರ್ಷದ ನಂತರ ಒಟ್ಟಿಗೆ ಐದು ಜನ ಓದುಗರು ಸಿಕ್ಕರು. ಲೇಖಕನಿಗೆ ಓದುಗರು ಸಿಗುವುದು ಸಂತೋಷದ ವಿಷಯ ಎಂದು ನಂಬಿಕೊಂಡಿದ್ದೆ.

ಇವರು ಓದುವ ಕ್ರಮವೇ ಬೇರೆ. ರಾಜನ ವಂಶಾವಳಿ, ಬಿರುದು, ದಾನಧರ್ಮ ಯಾವುದೂ ಬೇಡ. ಕಂದಕ ಎಷ್ಟು ಆಳ? ನೀರಿತ್ತೋ ಕೆಸರೋ? ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ? ಕಾವಲಿನವರು ಊಟಕ್ಕೆ ಹೋದಾಗ ಅಲ್ಲಿ ಯಾರಿರುತ್ತಿದ್ದರು? ನಾನು ‘ಕಂದಕವಿತ್ತು’ ಎಂದು ಒಂದು ಪದದಲ್ಲಿ ಮುಗಿಸಿದ್ದೆ. ಅದರಲ್ಲಿ ಅವರು ಮೂರು ವಾರ ಈಜಿದರು. ಶುಭಾಳದು ಒಂದೇ ನಿಯಮ, ಅದನ್ನು ಮೊದಲ ಭಾನುವಾರವೇ ಎಲ್ಲರಿಗೂ ಹೇಳಿದ್ದಳು. ಪುಸ್ತಕದಲ್ಲಿ ಇರುವುದಕ್ಕೆ ದಾಳ ಇಲ್ಲ, ಅದು ಆಗಿಯೇ ಆಗುತ್ತದೆ. ಪುಸ್ತಕ ಸುಮ್ಮನಿರುವ ಕಡೆ ಮಾತ್ರ ದಾಳ. ಯಾಕೆಂದು ಯಾರೋ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ನನಗೆ ಪಕ್ಕದ ಕೋಣೆಗೆ ಕೇಳಿಸಿತ್ತು: ಅಪ್ಪ ಬರೆದಿದ್ದಾರೆ, ಅಪ್ಪ ಒಂದು ಕಾಮಾ ಕೂಡ ಸುಮ್ನೆ ಹಾಕಲ್ಲ.

ನಾನು ಪೇಪರ್ ಓದುತ್ತಿರುವವನಂತೆ ಪೇಪರನ್ನು ಇನ್ನಷ್ಟು ಮೇಲೆತ್ತಿಕೊಂಡೆ.

ಆಟಗಾರರಲ್ಲಿ ಇಬ್ಬರನ್ನು ಪರಿಚಯಿಸಿದರೆ ಸಾಕು. ಗಿರೀಶ ಬನಶಂಕರಿಯವನು, ವಕೀಲ, ಶತ್ರುಪಾಳಯದ ದಳವಾಯಿ. ಇಮ್ರಾನ್ ತಿಲಕ್ ನಗರದಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟವನು, ಅವನು ಕೋಟೆಯೊಳಗೆ. ಬೇರೆಯವರೆಲ್ಲ ದಳವಾಯಿ, ಗೂಢಚಾರ, ಕುದುರೆ ಸವಾರ ಎಂದು ಪಾತ್ರ ಆರಿಸಿಕೊಂಡರೆ ಇಮ್ರಾನ್ ಪುಸ್ತಕವನ್ನು ಹಿಂದಿನಿಂದ ತಿರುವಿಹಾಕಿ, ಗಂಟೆ ನಿಂಗಯ್ಯನನ್ನು ಆರಿಸಿಕೊಂಡ. ನಾನು ಹನ್ನೊಂದು ಸಾಲಿನಲ್ಲಿ ಮುಗಿಸಿದವನಿಗೆ ಅವನು ಮಂಡಿನೋವು ಕೊಟ್ಟ, ನಶ್ಯದ ಡಬ್ಬಿ ಕೊಟ್ಟ, ಮಾತು ಕೇಳದ ಒಬ್ಬ ಅಳಿಯನನ್ನು ಕೊಟ್ಟ. ಗಂಟೆಯ ಬಿರುಕಿಗೆ ನಿಂಗಯ್ಯ ತಾನೇ ಬೆಸುಗೆ ಹಾಕುವ ಒಂದು ಭಾನುವಾರ ನಾನು ಪೇಪರ್ ಬಿಟ್ಟು ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡಿದ್ದೆ. ಒಮ್ಮೆ ಇಮ್ರಾನ್ ನನ್ನ ಬಳಿ ಬಂದು, ಅಂಗಡಿಯಲ್ಲಿ ಕೆಲಸ ಮಾಡುವಾಗಲೂ ನಿಂಗಯ್ಯ ಈಗ ಏನು ಮಾಡುತ್ತಿರಬಹುದು ಎಂದು ಯೋಚನೆ ಬರುತ್ತದೆ ಸಾರ್, ಪುಣ್ಯಾತ್ಮ, ನಿಜವಾಗಿ ಬದುಕಿದ್ದವನಲ್ವಾ, ಎಂದ. ನಾನು ಚಹಾ ಬೇಕೇ ಎಂದು ಕೇಳಿದೆ.

ಗಿರೀಶನೂ ಸುಮ್ಮನೆ ಕೂತಿರಲಿಲ್ಲ. ಎಂಟು ಭಾನುವಾರ ಹಿಡಿದು ಅವನು ಸಂತೆಯಲ್ಲಿ ಎತ್ತು ಕೊಂಡ, ಗಾಡಿ ಕಟ್ಟಿಸಿದ, ಹುಲ್ಲಿನೊಳಗೆ ಸೀನದಂತೆ ಸೈನಿಕರಿಗೆ ತರಬೇತಿ ಕೊಟ್ಟ. ಒಬ್ಬೊಬ್ಬ ಸೈನಿಕನ ಸೀನಿಗೂ ಬೇರೆಬೇರೆ ದಾಳ ಹಾಕಿದರು. ಅವನಿಗೆ ಕೊನೆಯ ಪುಟದಲ್ಲಿ ಏನಿದೆಯೆಂದು ಗೊತ್ತಿತ್ತು. ಆದರೆ ಗಂಟೆ ಬೇಗ ಹೊಡೆದರೂ ಗಾಡಿಗಳು ಅದಕ್ಕಿಂತ ಬೇಗ ಬಾಗಿಲಿಗೆ ಬಂದರೆ? ಅದು ಅವನ ವಾದ. ನಿನ್ನೆಯ ಭಾನುವಾರ ಆ ಹೊತ್ತು ಬಂದೇಬಿಟ್ಟಿತು. ಗಾಡಿಗಳು ಬಾಗಿಲಿಂದ ಇಪ್ಪತ್ತು ಮಾರು ದೂರದಲ್ಲಿದ್ದವು. ಸಾವಿತ್ರಿ ನಿಪ್ಪಟ್ಟಿನ ತಟ್ಟೆ ತಂದು ಮೇಜಿನ ಮಧ್ಯೆ, ಕೋಟೆಯ ನಕ್ಷೆಯ ಮೇಲೆ, ಸರಿಯಾಗಿ ಅರಮನೆಯ ಜಾಗದಲ್ಲಿ ಇಟ್ಟಳು. ಶುಭಾ ಪುಸ್ತಕದ ಕೊನೆಯ ಪುಟ ತೆಗೆದು ಗಟ್ಟಿಯಾಗಿ ಓದಿದಳು. ಗಂಟೆ ಹೊಡೆಯಿತು. ಬಾಗಿಲು ಮುಚ್ಚಿತು.

ಗಿರೀಶ ನಕ್ಷೆಯಿಂದ ತಲೆ ಎತ್ತಿ ನನ್ನ ಕಡೆ ತಿರುಗಿದ. ವಕೀಲರು ಪಾಟೀಸವಾಲಿಗೆ ಮುಂಚೆ ಹೀಗೇ ವಿನಯವಂತರಾಗುತ್ತಾರೆ.

“ಅಂಕಲ್, ಒಂದು ಡೌಟು. ಪ್ರತಿ ಪುಟಕ್ಕೂ ಅಡಿಟಿಪ್ಪಣಿ ಕೊಟ್ಟಿದ್ದೀರ. ಈ ಹನ್ನೊಂದು ಸಾಲಿಗೆ ಮಾತ್ರ ಇಲ್ಲ. ಇದಕ್ಕೆ ಮೂಲ ಏನು?”

ಮೂವತ್ತನಾಲ್ಕು ವರ್ಷ ನಾನು ಪ್ರಪಂಚಕ್ಕೆಲ್ಲ ಕೇಳಿದ ಪ್ರಶ್ನೆಯನ್ನು ಪ್ರಪಂಚ ಒಬ್ಬ ಪ್ರತಿನಿಧಿಯ ಮೂಲಕ ವಾಪಸು ಕಳಿಸಿತ್ತು. ಇಂಥ ಸಮಯಕ್ಕೆಂದೇ ವಿದ್ವಾಂಸರು ಎರಡು ಪದ ಮಾಡಿಟ್ಟಿದ್ದಾರೆ. ನಾನು ಅವನ್ನು ಬಳಸಿದೆ: ಮೌಖಿಕ ಪರಂಪರೆ.

“ನೋಡ್ದಾ ಮಗಾ, ಜನ ಹೇಳ್ಕೊಂಡ್ ಬಂದಿರೋದು” ಎಂದ ಇಮ್ರಾನ್, ನಿಪ್ಪಟ್ಟು ಮುರಿಯುತ್ತಾ.

“ಯಾವ ಜನ ಅಂಕಲ್? ಆ ಊರಲ್ಲಿ ಯಾರು ಹೇಳಿದ್ದು?”

ಶುಭಾ ಅವನನ್ನು ತಡೆದಳು. ಅಪ್ಪನಿಗೆ ಪಾಟೀಸವಾಲು ಮಾಡಬೇಡ, ಅವರು ಬರೆದಿದ್ದಾರೆ ಅಂದರೆ ಮುಗೀತು, ಸೋತಿದ್ದನ್ನು ಒಪ್ಪಿಕೋ ಎಂದಳು. ಅವಳ ದನಿಯಲ್ಲಿ ಒಂದು ಎಳೆಯೂ ಅನುಮಾನವಿರಲಿಲ್ಲ. ಅದೊಂದು ಇದ್ದಿದ್ದರೆ ನಾನು ಮೌಖಿಕ ಪರಂಪರೆಯನ್ನೇ ಹಿಡಿದು ಕೂತಿರುತ್ತಿದ್ದೆನೇನೋ. ಅಷ್ಟರಲ್ಲಿ, ಖಾಲಿ ಲೋಟಗಳನ್ನು ಜೋಡಿಸಿಕೊಳ್ಳುತ್ತಿದ್ದ ಸಾವಿತ್ರಿ ತಲೆ ಎತ್ತದೆ ಕೇಳಿದಳು:

“ಏನ್ರೀ, ಆ ಬೈಂಡರ್ ನಿಂಗಯ್ಯನವರು ಈಗ ಎಲ್ಲಿದಾರೋ? ಪುಸ್ತಕದ ಕಟ್ಟು ಕೊಡಕ್ಕೆ ಮನೆಗೆ ಬಂದಿದ್ರಲ್ಲ. ಗಡಿಯಾರ ನೋಡ್ಕೊಂಡು ನೋಡ್ಕೊಂಡು ಕಾಫಿ ಕುಡಿದ್ರು.”

ಅವಳಿಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಗೊತ್ತಿತ್ತು. ಗ್ರೈಂಡರಿನ ಕೆಳಗಿಡುವ ಮುಂಚೆ ಅವಳು ನನ್ನ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದ್ದಳು. ನನ್ನ ಮೊದಲ ಓದುಗರು ಮನೆಯಲ್ಲೇ ಇದ್ದರು, ನಾನು ಫುಟ್‌ಪಾತಿನಲ್ಲಿ ಹುಡುಕುತ್ತಿದ್ದೆ.

“ಮೂಲ ಇಲ್ಲ” ಎಂದೆ. “ಕೊನೆಯ ಪುಟದಲ್ಲಿ ಹನ್ನೊಂದು ಸಾಲು ಕಡಿಮೆ ಬಿದ್ದಿತ್ತು. ಪ್ರೆಸ್ಸಿನಲ್ಲಿ ಕೂತು ನಾನೇ ಬರೆದೆ.”

ಒಳಪುಟದ ಬುಡದಲ್ಲಿ, ಟೆಂಡರ್ ಪಕ್ಕದಲ್ಲಿ ಹಾಕುವ ಸೌಲಭ್ಯ ಅಲ್ಲಿರಲಿಲ್ಲ. ಐದು ಮುಖಗಳು ನೇರವಾಗಿ ನನ್ನನ್ನೇ ನೋಡುತ್ತಿದ್ದವು. ಶುಭಾ ಬೆರಳನ್ನು ಪುಟದ ನಡುವೆಯೇ ಇಟ್ಟು ಪುಸ್ತಕ ಮುಚ್ಚಿದಳು. ಮೊದಲು ಮಾತಾಡಿದವನು ಇಮ್ರಾನ್.

“ಹಂಗಾದ್ರೆ ನಾನು ಇರ್ಲೇ ಇಲ್ವಾ ಸಾರ್?”

ತಿದ್ದುಪಡಿ ಅಂಕಣದಲ್ಲಿ ನಾನು ಎಷ್ಟೋ ಜನರ ವಯಸ್ಸು ಸರಿಮಾಡಿದ್ದೇನೆ, ಹೆಸರು ಸರಿಮಾಡಿದ್ದೇನೆ, ಒಮ್ಮೆ ತೀರಿಕೊಂಡರೆಂದು ಬರೆದವರನ್ನು ವಿಷಾದದೊಂದಿಗೆ ಬದುಕಿಸಿಯೂ ಇದ್ದೇನೆ. ಮಂಡಿನೋವು, ನಶ್ಯ, ಅಳಿಯನ ಸಮೇತ ಒಬ್ಬನನ್ನು ಇಲ್ಲವೇ ಇಲ್ಲ ಎಂದು ಅಳಿಸಿದ್ದು ಅದೇ ಮೊದಲು.

ಎಂಟು ವಾರದ ಸೋಲು ಒಂದು ನಿಮಿಷದಲ್ಲಿ ತಪ್ಪಿಹೋದದ್ದಕ್ಕೆ ಗಿರೀಶ ಕುಣಿದಾಡಬಹುದಿತ್ತು. ಅವನು ಕುಣಿಯಲಿಲ್ಲ. ದಾಳವನ್ನು ಇಮ್ರಾನನ ಕಡೆ ತಳ್ಳಿದ.

“ಇದ್ದೀಯ ಕಣೋ ಗುರು. ಪುಸ್ತಕದಲ್ಲಿಲ್ಲ ಅಷ್ಟೆ. ಪುಸ್ತಕದಲ್ಲಿ ಇಲ್ದೇ ಇರೋದಕ್ಕೆ ದಾಳ ಅಂತ ರೂಲ್ ಇದೆಯಲ್ಲ, ಹಾಕು.”

ಶುಭಾ ತಲೆಯಾಡಿಸಿದಳು. ಹದಿನೈದು ಅಥವಾ ಅದಕ್ಕಿಂತ ಮೇಲೆ ಬಿದ್ದರೆ ನಿಂಗಯ್ಯ ಗಂಟೆಯನ್ನು ಬೇಗ ಹೊಡೆಯುತ್ತಾನೆ, ಕೋಟೆ ಉಳಿಯುತ್ತದೆ. ಕಡಿಮೆ ಬಿದ್ದರೆ ಹೊತ್ತಿಗೆ ಸರಿಯಾಗಿ ಹೊಡೆಯುತ್ತಾನೆ, ಗಾಡಿಗಳು ಒಳಗೆ. ಮನುಷ್ಯ ಸರಿಯಾಗಿ ಕೆಲಸ ಮಾಡಿದರೆ ಊರು ಹಾಳಾಗುವ ಇಂಥ ನಿಯಮವನ್ನು ನಾನು ಸರ್ಕಾರಿ ಕಚೇರಿಗಳ ಹೊರಗೆ ಕಂಡದ್ದು ಇದೇ ಮೊದಲು. ಇಮ್ರಾನ್ ಹಸಿರು ದಾಳವನ್ನು ಎರಡೂ ಕೈಯಲ್ಲಿ ಕುಲುಕಿ, ಕಣ್ಣುಮುಚ್ಚಿ ಹಾಕಿದ. ಅದು ನಿಪ್ಪಟ್ಟಿನ ತಟ್ಟೆಯ ಅಂಚಿಗೆ ಟಣ್ ಎಂದು ಹೊಡೆದು, ಮೇಜಿನಿಂದ ಹಾರಿ, ನಡುಮನೆಯ ಕಡೆ ಉರುಳಿಹೋಯಿತು.

ಹುಡುಕಿದೆವು. ದಿವಾನದ ಕೆಳಗೆ, ಚಪ್ಪಲಿ ಗೂಡಿನ ಹಿಂದೆ, ಟಿವಿ ಸ್ಟ್ಯಾಂಡಿನ ಸಂದಿನಲ್ಲಿ. ಸಾವಿತ್ರಿಗೆ ಕಳೆದ ವರ್ಷ ಕಳೆದುಹೋಗಿದ್ದ ಬೆಳ್ಳಿಯ ಅರಿಶಿನ ಬಟ್ಟಲು ಸಿಕ್ಕಿತು. ದಾಳ ಸಿಗಲಿಲ್ಲ. ಬೇರೆ ದಾಳ ಹಾಕೋಣ ಎಂದರೆ ಗಿರೀಶ ಒಪ್ಪಲಿಲ್ಲ. ಹಾಕಿದ್ದು ಹಾಕಿದ್ದೇ, ಅದು ಎಲ್ಲೋ ಒಂದು ಕಡೆ ಬಿದ್ದಿದೆ, ಬಿದ್ದ ಅಂಕಿಯೇ ತೀರ್ಪು ಎಂದ. ಕಾನೂನು ಓದಿದವರ ಸಹವಾಸ. ನಮ್ಮ ಅಜ್ಜಿ ಇದ್ದಿದ್ದರೆ ಅವನನ್ನು ದತ್ತು ತೆಗೆದುಕೊಳ್ಳುತ್ತಿದ್ದಳು.

ಎಲ್ಲರೂ ಹೋದ ಮೇಲೆ ಶುಭಾ ಗೇಟಿನ ಹತ್ತಿರ ಸ್ಕೂಟರ್ ಹತ್ತಿ, ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

“ಸಿಕ್ಕಿದ್ರೆ ಮುಟ್ಬೇಡ ಅಪ್ಪ, ಅಂಕಿ ನೋಡು. ನಾಳೆ ಒಂಬತ್ತಕ್ಕೆ ಫೋನ್ ಮಾಡ್ತೀನಿ.”

ಆಯಿತು ಎಂದೆ. ಅವಳು ಹೊರಡಲಿಲ್ಲ.

“ಪುಸ್ತಕದಲ್ಲಿ ಇನ್ನೇನಾದ್ರೂ ಇದೆಯಾ, ಹೀಗೆ?”

“ಇಲ್ಲ.”

“ಇಲ್ಲ ಅಂದ್ರೆ ಇಲ್ಲ ತಾನೆ?”

ಮೂವತ್ತೈದು ವರ್ಷದಲ್ಲಿ ಅವಳು ನನ್ನ ಮಾತನ್ನು ಎರಡನೇ ಸಲ ಕೇಳಿ ಖಚಿತಪಡಿಸಿಕೊಂಡದ್ದು ಅದೇ ಮೊದಲು. ಒಳ್ಳೆಯ ವರದಿಗಾರರೆಲ್ಲ ಹಾಗೆಯೇ ಮಾಡಬೇಕು, ನಾನೇ ಎಷ್ಟೋ ಜನರಿಗೆ ಕಲಿಸಿದ್ದೇನೆ. ಕಲಿಸುವಾಗ ಅದು ಇಷ್ಟು ಚುಚ್ಚುತ್ತದೆ ಎಂದು ಗೊತ್ತಿರಲಿಲ್ಲ.

ಹಾಗಾಗಿ ಈಗ, ಸೋಮವಾರ ಬೆಳಿಗ್ಗೆ, ಮೇಜಿನ ಮೇಲೆ ಹದಿನೇಳು. ದಾಳ ಕಾಲೊರೆಸುವ ಮ್ಯಾಟಿನ ಮಡಿಕೆಯಲ್ಲಿ ಬಿದ್ದಿತ್ತು. ಅದರ ಮೇಲೆ ಎಷ್ಟು ಅಂಕಿಯಿತ್ತು ಎಂದು ನೋಡುವ ಮೊದಲೇ ನಾನು ಅದರ ಮೇಲಿದ್ದೆ. ಸಾವಿತ್ರಿ ಅರಿಶಿನ ಹಚ್ಚುವ ನೆಪದಲ್ಲಿ ನನ್ನ ಪಾದವನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದಳು. ಅಚ್ಚು ಬಿದ್ದಿರಬಹುದು, ಪ್ರೆಸ್ಸಿನವರಿಗೆ ಉಲ್ಟಾ ಓದಲು ಬರುತ್ತದಲ್ಲ, ನೀವೇ ನೋಡಿಕೊಳ್ಳಿ ಎಂದಳು. ಕನ್ನಡಿ ಹಿಡಿದು ನೋಡಿದೆ. ಒಂದು ಕೆಂಪು ತ್ರಿಕೋನ ಬಿಟ್ಟರೆ ಬೇರೇನೂ ಇರಲಿಲ್ಲ.

ಹದಿನೇಳು ಎಂದುಬಿಟ್ಟರೆ ಏನಾಗುತ್ತದೆಂದು ಲೆಕ್ಕಹಾಕಿದೆ. ಇಮ್ರಾನನ ನಿಂಗಯ್ಯ ಗಂಟೆ ಹೊಡೆಯುತ್ತಾನೆ. ಕೋಟೆ ಉಳಿಯುತ್ತದೆ. ನಾನು ಮೂವತ್ತು ವರ್ಷದ ಹಿಂದೆ ಬರೆದದ್ದು ಹೇಗೋ ನಿಜವಾದಂತೆಯೂ ಆಗುತ್ತದೆ. ಅಲ್ಲದೆ ಹದಿನೇಳು ಸುಳ್ಳೂ ಅಲ್ಲ. ಮೇಜಿನ ಮೇಲೆ ಕಣ್ಣೆದುರಿಗೇ ಇದೆ, ಫೋಟೋ ತೆಗೆದು ಕಳಿಸಬಹುದು. ಹೀಗೆ ಅರ್ಧ ನಿಜವನ್ನು ಇಟ್ಟುಕೊಂಡು ಉಳಿದ ಜಾಗವನ್ನು ಅಂದವಾಗಿ ತುಂಬಿಸುವುದರಲ್ಲಿ ನನ್ನಷ್ಟು ಅನುಭವ ಈ ಬಡಾವಣೆಯಲ್ಲಿ ಯಾರಿಗೂ ಇರಲಾರದು. ಸಾವಿತ್ರಿ ಹುರುಳಿಕಾಯಿ ನಾರು ತೆಗೆಯುತ್ತಾ ಎದುರಿಗೇ ಕೂತಳು. ಅವಳು ಮೂವತ್ತು ವರ್ಷ ಸುಮ್ಮನಿದ್ದವಳು, ಇನ್ನೂ ಮೂವತ್ತು ವರ್ಷ ಸುಮ್ಮನಿರಬಲ್ಲ ಗಟ್ಟಿಗಿತ್ತಿ.

ಒಂಬತ್ತಕ್ಕೆ ಸರಿಯಾಗಿ ಫೋನ್ ಬಂತು.

“ಸಿಕ್ತಾ ಅಪ್ಪ?”

“ಸಿಕ್ತು.”

“ಎಷ್ಟು?”

“ಗೊತ್ತಿಲ್ಲ. ನೋಡೋ ಮುಂಚೆ ತುಳಿದುಬಿಟ್ಟೆ.”

ಆ ಕಡೆ ಕ್ಲಿನಿಕ್ಕಿನಲ್ಲಿ ಯಾರದೋ ಹಲ್ಲಿನ ಮೇಲೆ ಯಂತ್ರ ಗುಂಯ್‌ಗುಡುವ ಸದ್ದು ಮಾತ್ರ ಕೇಳುತ್ತಿತ್ತು. ಈ ನಡುವೆ ಹನ್ನೊಂದು ಸಾಲಿನಷ್ಟು ಜಾಗ ಖಾಲಿ ಬಿದ್ದಿತ್ತು. ನನಗೆ ನಾಲಿಗೆ ತುದಿಗೆ ಏನೇನೋ ಬಂತು. ತುಂಬಿಸಲಿಲ್ಲ.

“ಸರಿ” ಎಂದಳು ಶುಭಾ ಕೊನೆಗೆ. “ಭಾನುವಾರ ಇನ್ನೊಂದು ಸಲ ಹಾಕೋಣ. ಗಿರೀಶ ಒಪ್ಪಲ್ಲ, ಅಂಕಿ ಗೊತ್ತಿಲ್ಲ ಅನ್ನೋದಕ್ಕೆ ಮೂಲ ಏನು ಅಂತಾನೆ.”

“ಏನು ಹೇಳ್ತೀಯ?”

“ನಮ್ಮಪ್ಪ ಅಂತೀನಿ.”

ಫೋನ್ ಇಟ್ಟ ಮೇಲೆ ಸಾವಿತ್ರಿ ಹುರುಳಿಕಾಯಿಯ ತಟ್ಟೆಯನ್ನು ನನ್ನ ಕಡೆಗೂ ಸ್ವಲ್ಪ ತಳ್ಳಿದಳು. ಹದಿನೇಳು ಮೇಜಿನ ಮೇಲೆ ಹಾಗೇ ಕೂತು ನನ್ನನ್ನು ನೋಡುತ್ತಿತ್ತು. ಅದನ್ನು ಎತ್ತಿ ಅವರ ದಾಳದ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಒಮ್ಮೆ ಚೆನ್ನಾಗಿ ಕುಲುಕಿಟ್ಟೆ.